ತಾಯಿ ಬಂದ ಕೋಣೆಯ ಕಂಪ್ಯೂಟರ್

9 ಜನವರಿ 2025, ಗುರುವಾರ
ಗಜೇಂದ್ರಗಡ

ಗುಳ್ಳೆ ಎಣಿಸಿದೆ. ಮುಖ, ಕೈ, ಹೊಟ್ಟೆ ಸೇರಿ ನೂರಾ ನಲವತ್ತೆರಡು. ಬೆನ್ನು ಕಾಣಲ್ಲ, ಬಿಟ್ಟೆ.

ಹಾಸ್ಟೆಲ್‌ನಿಂದ ಮನೆಗೆ ಕಳಿಸಿ ಮೂರು ದಿನ ಆಯಿತು. ಡಾಕ್ಟರ್ ಚಿಕನ್‌ಪಾಕ್ಸ್ ಅಂದರು. ಮನೆಯಲ್ಲಿ ಆ ಹೆಸರು ಯಾರೂ ಹೇಳಲ್ಲ. "ತಾಯಿ ಬಂದಾಳ" ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ಬಾಗಿಲಿಗೆ ಬೇವಿನ ಟೊಂಗೆ. ಹೊರಗಿನವರು ಒಳಗೆ ಬರುವಂತಿಲ್ಲ. ಅಡುಗೆಗೆ ಒಗ್ಗರಣೆ ಹಾಕುವಂತಿಲ್ಲ. ಮಮ್ಮಿಗೂ ಪಪ್ಪಾಗೂ ಚಿಕ್ಕಂದಿನಲ್ಲಿ ಇದು ಬಂದಿಲ್ಲವಂತೆ, ಅದಕ್ಕೆ ನನ್ನ ಕೋಣೆಗೆ ಬರೋದು ಪಪ್ಪಾನ ತಾಯಿ, ಆಯಿ, ಒಬ್ಬಳೇ. ಮಮ್ಮಿ ಹೊಸ್ತಿಲ ಆಚೆ ನಿಂತು ತಟ್ಟೆ ಕೊಡುತ್ತಾಳೆ, ಆಯಿ ತೆಗೆದುಕೊಳ್ಳುತ್ತಾಳೆ.

ಆರನೇ ಕ್ಲಾಸಿನಿಂದ ನಾನು ಹಾಸ್ಟೆಲ್‌ನಲ್ಲೇ. ಆಯಿಗೂ ನನಗೂ ಮಾತಾಡಲು ಟಾಪಿಕ್ ಇಲ್ಲ. ಅವಳು "ಉಣ್ತೀಯೇನ?" ಅನ್ನುತ್ತಾಳೆ. ನಾನು "ಹ್ಞೂ" ಅಥವಾ "ಬೇಡ". ಕಾನ್ವರ್ಸೇಶನ್ ಓವರ್.

ಇವತ್ತು ಕಾಲೇಜಿನಿಂದ ಮೇಲ್ ಬಂತು. ಸಿ ಪ್ರೋಗ್ರಾಮಿಂಗ್ ಲ್ಯಾಬ್‌ನ ಎರಡನೇ ಇಂಟರ್ನಲ್ 20ನೇ ತಾರೀಖಿಗೆ, ಬೆಳಿಗ್ಗೆ ಹತ್ತೂವರೆಗೆ. ನನ್ನನ್ನು ಲ್ಯಾಬ್‌ಗೆ ಬಿಡಲ್ಲ, ಹರಡುತ್ತೆ ಅಂತ. ಮನೆಯಿಂದಲೇ ಬರೆಯಬೇಕು. ಎರಡು ತಾಸು ಕ್ಯಾಮೆರಾ ಆನ್ ಇರಬೇಕು. ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಸಂಪರ್ಕ ಐದು ನಿಮಿಷಕ್ಕಿಂತ ಹೆಚ್ಚು ಕಡಿದರೆ ಆಬ್ಸೆಂಟ್.

ಮೊದಲ ಇಂಟರ್ನಲ್‌ನಲ್ಲಿ ಏನಾಯಿತು ಅಂತ ಮನೆಯಲ್ಲಿ ಹೇಳಿಲ್ಲ. ಇಲ್ಲಿ ಬರೆಯಬಹುದು, ಯಾರೂ ಓದಲ್ಲ. ಪ್ರೋಗ್ರಾಂ ರನ್ ಆಗಿತ್ತು. ವೈವಾದಲ್ಲಿ ರೂಪಾ ಮೇಡಂ ಫಾರ್ ಲೂಪ್ ಬಗ್ಗೆ ಕೇಳಿದರು. ನನಗೆ ಗೊತ್ತಿತ್ತು. ಸುತ್ತ ಹದಿನೆಂಟು ಜನ ನಿಂತಿದ್ದರು. ಒಂದು ಶಬ್ದ ಬರಲಿಲ್ಲ. ಮೇಡಂ ಎರಡು ಸಲ ಕೇಳಿ ಸೊನ್ನೆ ಹಾಕಿದರು. ಇದರಲ್ಲೂ ಹೋದರೆ ಸೆಮಿಸ್ಟರ್ ಪರೀಕ್ಷೆಗೆ ಕೂರಿಸಲ್ಲ. ಒಂದು ವರ್ಷ ಹೋಯಿತು ಅಂತಲೇ.

ಇನ್ನು ಹನ್ನೊಂದು ದಿನ.

10 ಜನವರಿ, ಶುಕ್ರವಾರ

ಕಂಪ್ಯೂಟರ್ ನಾನು ಮಲಗುವ ಕೋಣೆಯಲ್ಲೇ ಇದೆ. ರೋಣದಲ್ಲಿ ಕಾಕಾನ ಟೈಪಿಂಗ್ ಕ್ಲಾಸ್ ಮುಚ್ಚಿದಾಗ ನಮ್ಮ ಮನೆಗೆ ಬಂದದ್ದು. ನಾಲ್ಕು ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್. ಬಟನ್ ಒತ್ತಿದ ಮೇಲೆ ಕೆಲಸಕ್ಕೆ ಬರಲು ಹನ್ನೊಂದು ನಿಮಿಷ. ನಾನು ಟೈಮರ್ ಇಟ್ಟು ನೋಡಿದೆ.

ಟಾಸ್ಕ್ ಮ್ಯಾನೇಜರ್ ತೆಗೆದೆ. ಏನೂ ಮಾಡದೆ ಸುಮ್ಮನೆ ಕೂತಾಗಲೇ ಮೆಮೊರಿ 81%. ಸ್ಟಾರ್ಟ್ಅಪ್‌ನಲ್ಲಿ ಹತ್ತೊಂಬತ್ತು ಪ್ರೋಗ್ರಾಂ, ಕಾಕಾನ ಕಾಲದ ಟೈಪಿಂಗ್ ಸಾಫ್ಟ್‌ವೇರ್ ಮೂರು, ಯಾವುದೋ ಪ್ರಿಂಟರ್‌ನದ್ದು ಎರಡು. ಆ ಪ್ರಿಂಟರ್ ಈಗ ಎಲ್ಲಿದೆಯೋ. ಹದಿನಾರನ್ನು ಡಿಸೇಬಲ್ ಮಾಡಿದೆ. ವಿಂಡೋ ತೆರೆಯುವಾಗಿನ ಆನಿಮೇಶನ್, ನೆರಳು ಎಲ್ಲ ಆಫ್. ಬೂಟ್ ನಾಲ್ಕೂವರೆ ನಿಮಿಷಕ್ಕೆ ಬಂತು, ಮೆಮೊರಿ 58%. ಸ್ವಲ್ಪ ಉಸಿರಾಡಿದೆ.

ಸಂಜೆ ಆಯಿ ಕೆಂಡದ ಮೇಲೆ ಲೋಬಾನ ಹಾಕಿಕೊಂಡು ಬಂದಳು. ನನ್ನ ಸುತ್ತ ಹೊಗೆ ತಿರುಗಿಸಿದಳು, ಆಮೇಲೆ ಮಂಚಕ್ಕೆ, ಆಮೇಲೆ ಕಂಪ್ಯೂಟರ್‌ಗೆ.

"ಅದಕ್ಕೆ ಯಾಕೆ ಆಯಿ? ಮಷೀನ್ ಅದು."

"ನೀ ಇರೂ ಕೋಣ್ಯಾಗ ಐತಿಲ್ಲೊ? ತಾಯಿಗೆ ಮಷೀನಾತು ಮನಿಶಾ ಆತು, ಎಲ್ಲಾ ಒಂದ."

ಸಿಪಿಯು ಡಬ್ಬಿಯ ಮೇಲೆ ಒಂದು ಹಿಡಿ ಬೇವಿನೆಲೆ ಕೂಡ ಇಟ್ಟಳು. ನಾನು ಆರ್ಗ್ಯೂ ಮಾಡಲಿಲ್ಲ. ಎನರ್ಜಿ ಇಲ್ಲ.

12 ಜನವರಿ, ಭಾನುವಾರ

ನನ್ನದೇ ತಪ್ಪು. ಒಂದು ವಿಡಿಯೋದಲ್ಲಿ "ವರ್ಚುವಲ್ ಮೆಮೊರಿ ತೆಗೆದುಹಾಕಿ, ಕಂಪ್ಯೂಟರ್ ಓಡುತ್ತೆ" ಅಂತ ಹೇಳಿದರು. ರ‍್ಯಾಮ್ ತುಂಬಿದಾಗ ಹಾರ್ಡ್‌ಡಿಸ್ಕ್‌ನಲ್ಲಿ ಸ್ವಲ್ಪ ಜಾಗ ಕಡ ತೆಗೆದುಕೊಳ್ಳುವುದು ಅದು. ಅದನ್ನು ಸೊನ್ನೆ ಮಾಡಿದೆ. ಕ್ಯಾಮೆರಾ ಮತ್ತು ಕಂಪೈಲರ್ ಒಟ್ಟಿಗೆ ತೆರೆದ ತಕ್ಷಣ ಎರಡೂ ಮುಚ್ಚಿಕೊಂಡವು. ಸೊನ್ನೆ ಮಾಡಿದ್ದನ್ನು ವಾಪಸ್ ತರಲು ಒಂದೂವರೆ ಗಂಟೆ ಬೇಕಾಯಿತು, ಯಾಕೆಂದರೆ ಗುಳ್ಳೆ ತುರಿಸುತ್ತಿತ್ತು, ಪದೇ ಪದೇ ಮೌಸ್ ಬಿಡಬೇಕಾಯಿತು.

ಫೋನ್‌ನಲ್ಲಿ ಪಪ್ಪಾಗೆ ಹೇಳಿದೆ. ಪಪ್ಪಾ ಪಡಸಾಲೆಯಲ್ಲೇ ಕೂತಿದ್ದರು, ಆದರೂ ಫೋನ್‌ನಲ್ಲೇ. "ಇದು ಸತ್ತರೆ ನನ್ನ ವರ್ಷ ಹೋಗುತ್ತೆ ಪಪ್ಪಾ" ಅಂದೆ. ಜೋರಾಗಿ ಅಂದೆ ಅನ್ನಿಸುತ್ತೆ. ಮೂಲೆಯಲ್ಲಿ ಜೋಳ ಆರಿಸುತ್ತ ಕೂತಿದ್ದ ಆಯಿ ತಲೆ ಎತ್ತಿ ನೋಡಿದಳು.

13 ಜನವರಿ, ಸೋಮವಾರ

ಈಗ ಕಂಪ್ಯೂಟರ್ ತಾನಾಗೇ ಆಫ್ ಆಗುತ್ತಿದೆ. ಎಚ್ಚರಿಕೆ ಇಲ್ಲ, ಮೆಸೇಜ್ ಇಲ್ಲ, ಟಪ್ ಅಂತ ಕಪ್ಪು. ಬೆಳಿಗ್ಗೆ 9.10ಕ್ಕೆ ಆನ್, 9.52ಕ್ಕೆ ಆಫ್. ಮಧ್ಯಾಹ್ನ ಮಾತ್ರೆ ತೆಗೆದುಕೊಂಡು ಮಲಗಿ ಎದ್ದು 3.30ಕ್ಕೆ ಆನ್, 3.44ಕ್ಕೆ ಆಫ್. ಆಯಿ ಹೊಗೆ ಹಾಕಿ ಹೋದ ಮೇಲೆ, ಒಂಬತ್ತೇ ನಿಮಿಷ.

ರ‍್ಯಾಮ್ ಹೋಗಿರಬೇಕು. ಬೇರೆ ಏನು? ಪಪ್ಪಾ ಕಾಶೀಂಸಾಬರಿಗೆ ಫೋನ್ ಮಾಡಿದರು. ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ ಅವರದ್ದು. ಹಳೇ ಮಾಡೆಲ್‌ನ ರ‍್ಯಾಮ್ ಹುಡುಕಿ ಬುಧವಾರ ತರುತ್ತಾರಂತೆ.



14 ಜನವರಿ, ಮಂಗಳವಾರ

ಸಂಕ್ರಾಂತಿ. ಓಣಿಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆ ಕಡೆ ಹೋದರು. ನಮ್ಮ ಮನೆಯಲ್ಲಿ ಹಬ್ಬ ಇಲ್ಲ. ಮೊಸರನ್ನ. ಆಯಿ ಕೂಡ ಅದನ್ನೇ ಉಂಡಳು. "ನೀನು ಸಜ್ಜಿ ರೊಟ್ಟಿ ತಿನ್ನಬಹುದಲ್ಲ, ನಿನಗೇನಾಗಿದೆ" ಅಂದೆ. "ನಿನ್ನ ಮುಂದ ಕುಂತು ಬದನಿಕಾಯಿ ತಿಂದ್ರ ನನಗ ಹೊಟ್ಟಿಗೆ ಹತ್ತತೈತೇನ?" ಅಂದಳು.

ಕಂಪ್ಯೂಟರ್ ಆನ್ ಮಾಡಲಿಲ್ಲ. ಪ್ರೋಗ್ರಾಂಗಳನ್ನು ಕಾಗದದ ಮೇಲೆ ಬರೆದೆ.

15 ಜನವರಿ, ಬುಧವಾರ

ಎಲ್ಲ ಬರೀತೀನಿ. ನಾನು ಕೆಟ್ಟದಾಗಿ ಮಾತಾಡಿದೆ.

ಕಾಶೀಂಸಾಬರು ಹನ್ನೊಂದಕ್ಕೆ ಬಂದರು. ಆದರೆ ಒಳಗೆ ಬರಲಿಲ್ಲ. ಹೊರಗಿನಿಂದ ನನ್ನ ಕೋಣೆಯ ಕಿಟಕಿಗೆ ಬಂದು ನಿಂತರು.

"ಒಳಗೆ ಬರ್ರಿ ಅಂಕಲ್, ಮಾಸ್ಕ್ ಇದೆ" ಅಂದೆ.

"ಏ, ತಾಯಿ ಬಂದ ಮನ್ಯಾಗ ಹಂಗ ಕಾಲ ಇಡಬಾರದವಾ. ನನ್ನ ಹೇಣ್ತಿ ಸಾಬೀರಾಗ ತಾಯಿ ಬಂದಾಗ ನಾವೂ ಬಾಗಲಿಗೆ ಬೇವು ಕಟ್ಟಿದ್ವಿ. ನೀನ ಬಿಚ್ಚು. ನಾ ಇಲ್ಲಿಂದ ಹೇಳ್ತೀನಿ."

"ನಾನಾ? ನಾನು ಯಾವತ್ತೂ ಬಿಚ್ಚಿಲ್ಲ. ಏನಾದರೂ ಆದರೆ?"

"ಏನಾಗತೈತಿ? ಅದೇನ ಕಚ್ಚತೈತೇನ? ಮೊದಲ ವಾಯರ್ ಕೀಳು. ಕಿಟಕಿ ಸರಳು ಮುಟ್ಟು, ಮೈಯಾಗಿನ ಕರೆಂಟ್ ಇಳೀಲಿ. ಹ್ಞಾಂ. ಈಗ ಹಿಂದಿನ ಎರಡ ಸ್ಕ್ರೂ."

ಸರಳುಗಳ ನಡುವಿಂದ ಸ್ಕ್ರೂಡ್ರೈವರ್ ಕೊಟ್ಟರು. ಡಬ್ಬಿಯ ಪಕ್ಕದ ತಗಡು ಸರಿಸಿದೆ. ರ‍್ಯಾಮ್ ಎಲ್ಲಿದೆ ಅಂತ ಕಾಣಲೇ ಇಲ್ಲ. ಒಳಗೆಲ್ಲ ಬೂದಿ. ಲೋಬಾನದ ಬೂದಿ, ಹಸಿಯಾಗಿ ಗಟ್ಟಿ ಹಿಡಿದದ್ದು. ಗಾಳಿ ಹೋಗುವ ತೂತುಗಳು ಮುಚ್ಚಿ ಹೋಗಿದ್ದವು. ಪ್ರೊಸೆಸರ್ ಮೇಲಿನ ಚಿಕ್ಕ ಫ್ಯಾನ್‌ನಲ್ಲಿ ಬೇವಿನ ಕಡ್ಡಿ ಸಿಕ್ಕಿಕೊಂಡಿತ್ತು.

"ಇದ್ಯಾಕ ಹಸಿ ಐತಿ?" ಅಂದರು ಕಾಶೀಂಸಾಬರು. "ನೀರ ಹಾಕೀರೇನ?"

ಆಯಿ ಬಾಗಿಲಲ್ಲಿ ನಿಂತಿದ್ದಳು. "ಹಸಿ ಅರಬಿ ಹೊಚ್ಚಿದ್ದೆ" ಅಂದಳು. ಒದ್ದೆ ಬಟ್ಟೆ, ಕಂಪ್ಯೂಟರ್ ಮೇಲೆ! "ಆಕಿ ಮಕ್ಕೊಂಡಾಗ. ಕೈ ಇಟ್ಟು ನೋಡಿದೆ, ಕೆಂಡ ಆಗಿತ್ತು."

ನಾನು ಕೂಗಿದೆ. ಇಂಗ್ಲಿಷ್‌ನಲ್ಲಿ ಕೂಗಿದೆ, ಅವಳಿಗೆ ಅರ್ಥ ಆಗದ ಹಾಗೆ, ಆದರೆ ಅರ್ಥ ಆಯಿತು ಅನ್ನಿಸುತ್ತೆ. ಕೂಗುತ್ತಲೇ ಆ ಬೇವಿನ ಕಡ್ಡಿ ಹಿಡಿದು ಎಳೆದೆ. ಲಟ್ ಅಂತು. ಕಡ್ಡಿಯ ಜೊತೆ ಫ್ಯಾನ್‌ನ ಮೂರು ರೆಕ್ಕೆ ಮುರಿದು ಕೈಗೆ ಬಂದವು.

ಕಾಶೀಂಸಾಬರು ತಂದಿದ್ದ ರ‍್ಯಾಮ್ ವಾಪಸ್ ಜೇಬಿಗೆ ಹಾಕಿಕೊಂಡರು. "ರ‍್ಯಾಮ್ ಏನ ಆಗಿಲ್ಲವಾ ಇದಕ. ಮಷೀನ್ ಕಾದು ತನ್ನ ಜೀವಾ ಉಳಿಸ್ಕೊಳ್ಳಾಕ ಬಂದ್ ಆಗತಿತ್ತು. ಈಗ ಫ್ಯಾನ್ ಬೇಕು. ಈ ಫ್ಯಾನ್ ಗಜೇಂದ್ರಗಡದಾಗ ಸಿಗೂದಿಲ್ಲ. ನರಗುಂದದಾಗ ನಮ್ಮ ಮಲಿಕಸಾಬಗ ಕೇಳ್ತೀನಿ."

ಆಯಿ ಅಲ್ಲಿರಲಿಲ್ಲ. ಸಂಜೆ ಹೊಗೆ ಹಾಕಲು ಬರಲಿಲ್ಲ. ಊಟ ಹೊಸ್ತಿಲ ಒಳಗೆ ಇಟ್ಟಿತ್ತು.

16 ಜನವರಿ, ಗುರುವಾರ

ಬೆಳಿಗ್ಗೆ ಎದ್ದಾಗ ಆಯಿ ನೆಲದ ಮೇಲೆ ಕೂತಿದ್ದಳು. ಮುಂದೆ ತೆರೆದ ಡಬ್ಬಿ. ಕೈಯಲ್ಲಿ ಹಳೇ ಹಲ್ಲುಜ್ಜುವ ಬ್ರಶ್. ಜೋಳದಾಗಿನ ಹಳ್ಳು ಆರಿಸೋ ಹಾಗೆ, ಒಂದೊಂದೇ ಎಲೆ, ಒಂದೊಂದೇ ಬೂದಿಯ ಹೆಂಟೆ ತೆಗೆದು ಕಾಗದದ ಮೇಲೆ ಇಡುತ್ತಿದ್ದಳು. ಯಾವ ವಾಯರೂ ಅಲುಗಿಲ್ಲ. ನನ್ನ ಕೈ ಅಷ್ಟು ಸ್ಟೆಡಿ ಇಲ್ಲ.

ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ನಾನೂ ಕೆಳಗೆ ಕೂತೆ.

"ಆ ಹಸಿರು ಹಲಗೆ ಮುಟ್ಟಬೇಡ, ಅಂಚಿಗೆ ಹಿಡಿ" ಅಂದೆ.

"ಅಂಚಿಗೆ ಹಿಡದೀನಿ."

"ನಿನ್ನೆ ನಾನು..."

"ಇರ್ಲಿ ಬಿಡು. ನನಗ ತಿಳೀಲಿಲ್ಲ, ನಾ ಹೊಚ್ಚಿದೆ. ನೀ ತಿಳದಾಕಿ, ನೀ ಯಾಕ ಎಳದಿ?"

ನನಗೆ ನಗು ಬಂತು. ಅವಳು ನಗಲಿಲ್ಲ, ಬ್ರಶ್ ಊದಿದಳು.

ಆಮೇಲೆ ತಾನಾಗೇ ಹೇಳಿದಳು. "ಅದು ಸತ್ರ ನನ್ನ ವರ್ಸಾ ಹೋಗತೈತಿ ಅಂತ ನಿಮ್ಮಪ್ಪಗ ಒದರಿದಿ ನೀ. ಅದಕೂ ಜ್ವರಾ ಬಂದಿತ್ತು, ನಿನಗೂ ಜ್ವರಾ ಬಂದಿತ್ತು. ನಿನ್ನ ಹಣೀಗೆ ಹಸಿ ಪಟ್ಟಿ ಹಾಕಿದ್ರ ಇಳೀತು. ಅದಕ್ಕ ಹಾಕಿದ್ರ ಇಳ್ಯಾಂಗಿಲ್ಲ ಅಂತ ನನಗೇನ ಗೊತ್ತು?"

ಅಂದರೆ ಇಷ್ಟು ದಿನ ಅವಳು ಇಬ್ಬರನ್ನು ನೋಡಿಕೊಳ್ಳುತ್ತಿದ್ದಳು.

ಒಂದು ಚಿಕ್ಕ ಸಾಫ್ಟ್‌ವೇರ್ ಹಾಕಿ ಟೆಂಪರೇಚರ್ ನೋಡಿದೆ. ಫ್ಯಾನ್ ಇಲ್ಲದೆ ಆರು ನಿಮಿಷಕ್ಕೆ 96 ಡಿಗ್ರಿ. ಬಂದ್ ಮಾಡಿದೆ. ಆಯಿ ಹೇಳಿದ್ದು ಕರೆಕ್ಟ್, ಕೆಂಡವೇ. ಅವಳು ಕೈ ಇಟ್ಟು ಕಂಡದ್ದನ್ನು ನಾನು ಮೆಮೊರಿ ಪರ್ಸೆಂಟೇಜ್‌ನಲ್ಲಿ ಹುಡುಕುತ್ತಿದ್ದೆ.

18 ಜನವರಿ, ಶನಿವಾರ

ಮಲಿಕಸಾಬರ ಹತ್ರ ಫ್ಯಾನ್ ಐತಂತ. ಆದ್ರ ಗಜೇಂದ್ರಗಡಕ್ಕ ಬರೋದು ಸೋಮವಾರ ಸಂಜಿಗೆ. ಪರೀಕ್ಷೆ ಸೋಮವಾರ ಬೆಳಿಗ್ಗೆ.

ಕಾಶೀಂಸಾಬರು ಕಿಟಕಿಯಿಂದ ಒಂದು ಉಪಾಯ ಹೇಳಿದರು. ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿ ನೂರರ ಬದಲು ಅರವತ್ತು ಇಡಬೇಕು. ನಿಧಾನ ಓಡುತ್ತೆ, ಕಡಿಮೆ ಕಾಯುತ್ತೆ. ಪಕ್ಕದ ತಗಡು ಮುಚ್ಚದೆ ಟೇಬಲ್ ಫ್ಯಾನ್ ಹಚ್ಚಿ ಗಾಳಿ ಒಳಗೆ ಬಿಡಬೇಕು. ಕ್ಯಾಮೆರಾ, ಕಂಪೈಲರ್ ಎರಡೇ ತೆರೆದಿರಬೇಕು, ಬೇರೇನೂ ಬೇಡ.

"ಓಡ್ಸಿದ್ರ ಬೀಳತೈತಿ. ನಡಸು" ಅಂದರು.

ನಡೆಸಿದೆ. ಎರಡು ತಾಸು ಟ್ರಯಲ್. 68 ಡಿಗ್ರಿ, 71, 70. ಬೀಳಲಿಲ್ಲ. ಮಮ್ಮಿಗೆ, ಅಲ್ಲ, ಅವ್ವಗ ಹೊಸ್ತಿಲ ಹೊರಗಿಂದಲೇ ತೋರಿಸಿದೆ. ಅವಳು ಫ್ಯಾನ್ ನೋಡಿ "ನಿನಗಿಂತ ಅದಕ್ಕ ಜಾಸ್ತಿ ಗಾಳಿ" ಅಂದಳು.

ಆಯಿ ಲೋಬಾನ ಈಗ ಪಡಸಾಲಿಯಾಗ ಹಾಕ್ತಾಳ. ಪಪ್ಪಾ, ಅವ್ವ ಹಿತ್ತಲಿಗೆ ಸರಿದ ಮ್ಯಾಲ ನಾನು ಅಲ್ಲಿಗೆ ಹೋಗಿ ನಿಂತು ಹೊಗೆ ತಗೊಂಡು ಬರ್ತೀನಿ.

20 ಜನವರಿ, ಸೋಮವಾರ

ಹತ್ತೂವರೆಗೆ ಶುರು ಆತು. ಸ್ಕ್ರೀನ್ ಮ್ಯಾಲ ರೂಪಾ ಮೇಡಂ. ಕ್ಯಾಮೆರಾ ತಿರುಗಿಸಿ ಕೋಣೆ ತೋರಿಸು ಅಂದರು, ತೋರಿಸಿದೆ. ಯಾರೂ ಇರಲಿಲ್ಲ. ಆಯಿ ಬಾಗಿಲ ಹೊರಗೆ ಕೂತಿದ್ದಳು, ಹೊಸ್ತಿಲ ಆ ಕಡೆ, ಅದು ಕೋಣೆ ಅಲ್ಲ.

ಎರಡು ಪ್ರೋಗ್ರಾಂ. ಮೊದಲನೆಯದು ಸರಳ ಇತ್ತು. ಎರಡನೆಯದು ಅರೇ, ಅಂದರೆ ಸಾಲಾಗಿ ಇಟ್ಟ ಸಂಖ್ಯೆಗಳನ್ನು, ಹಿಂದುಮುಂದು ತಿರುಗಿಸೋದು.

11.15ಕ್ಕೆ ಕರೆಂಟ್ ಹೋತು. ಇನ್ವರ್ಟರ್ ಹಿಡೀತು, ಕಂಪ್ಯೂಟರ್ ಬೀಳಲಿಲ್ಲ. ಆದ್ರ ಇನ್ವರ್ಟರ್ ಕೀಂ ಕೀಂ ಅನ್ನಾಕ ಶುರು ಮಾಡಿತು. ಹಳೇದು, ಟೇಬಲ್ ಫ್ಯಾನೂ ಕಂಪ್ಯೂಟರೂ ಎರಡೂ ಹೊರಲಾರದು. ಒಂದು ತೆಗೀಬೇಕು. ಟೇಬಲ್ ಫ್ಯಾನ್ ಆಫ್ ಮಾಡಿದೆ.

74. 79. 83. ಮೂಲೆಯಲ್ಲಿ ಆ ಸಂಖ್ಯೆ ಏರೋದು ಕಾಣ್ತಿತ್ತು. ಲೂಪ್ ಅರ್ಧ ಬರೆದಿದ್ದೆ. 88.

ಆಗ ಮೇಜಿನ ಕೆಳಗೆ ಏನೋ ಬಂತು. ನೋಡಿದರ ಆಯಿ. ಬಗ್ಗಿಕೊಂಡು, ಗ್ವಾಡಿ ಹಿಡಿದುಕೊಂಡು, ಕೈಯಾಗ ಜ್ವಾಳ ಹಸನ ಮಾಡೋ ಮೊರ. ತೆರೆದ ಡಬ್ಬಿ ಮುಂದೆ ಕೂತು ಬೀಸಾಕ ಹತ್ತಿದಳು. ನಾನು ಕಾಲಿನಿಂದ ಹೋಗು ಅಂತ ಸನ್ನೆ ಮಾಡಿದೆ. ಆಕಿ ನನ್ನ ಕಾಲು ಬದಿಗೆ ಸರಿಸಿದಳು, ಬೀಸೋದು ಬಿಡಲಿಲ್ಲ.

ಕೋಣೆಯಲ್ಲಿ ಬೇರೆಯವರು ಸಿಕ್ಕರೆ ಕಾಪಿ ಕೇಸ್. ಆಕಿ ಹೋದರೆ ಐದು ನಿಮಿಷಕ್ಕ ಮಷೀನ್ ಬಂದ್, ಆಬ್ಸೆಂಟ್. ಎರಡರಾಗೂ ವರ್ಷ ಹೋಗತಿತ್ತು. 84. 80. 77. ಇಳಿಯಿತು. ನಾನು ಬರೆಯೋದು ಬರೆದೆ.

ಹನ್ನೆರಡಕ್ಕೆ ಇನ್ನೇನು ಹತ್ತು ನಿಮಿಷ ಇದ್ದಾಗ ಕೆಳಗಿಂದ ದೊಡ್ಡ ದನಿ ಬಂತು.

"ಚಿನ್ನೂ, ಇಳೀತೇನ ಅದರದು? ಇನ್ನೂ ಬೀಸಲ್ಯಾ?"

ಮೇಡಂ ತಲೆ ಎತ್ತಿದರು. "ಮಹೇಶ್ವರಿ, ಯಾರದು? ಯಾರಿದ್ದಾರೆ ಅಲ್ಲಿ?"

"ನಮ್ಮ ಆಯಿ ರೀ ಮೇಡಂ."

"ಯಾರೂ ಇರಬಾರದು ಅಂತ ರೂಲ್ ಇದೆ, ಗೊತ್ತಲ್ಲ?"

"ಗೊತ್ರಿ. ಕರೆಂಟ್ ಹೋಗೇತ್ರಿ. ಪ್ರೊಸೆಸರ್ ಫ್ಯಾನ್ ನಾನ ಮುರದೀನ್ರಿ. ಟೇಬಲ್ ಫ್ಯಾನ್ ಹಚ್ಚಿದ್ರ ಇನ್ವರ್ಟರ್ ಬೀಳತೈತ್ರಿ. ಆಯಿ ಗಾಳಿ ಹಾಕದಿದ್ರ ಮಷೀನ್ ಬಂದ್ ಆಗತೈತ್ರಿ. ನೋಡ್ರಿ ಬೇಕಾದ್ರ."

ಕ್ಯಾಮೆರಾ ಕೆಳಗೆ ತಿರುಗಿಸಿದೆ. ಆಯಿ ಸೆರಗು ತಲೆ ಮ್ಯಾಲ ಎಳಕೊಂಡಳು, ಇನ್ನೊಂದು ಕೈ ಬೀಸ್ತಾನ ಇತ್ತು. "ನಮಸ್ಕಾರ್ರೀ" ಅಂದಳು ಕ್ಯಾಮೆರಾಕ್ಕ. "ನೀವ ಏನ್ರಿ ಆಕಿಗೆ ಕಲಿಸೂ ಅಕ್ಕಾರು?"

ಮೇಡಂ ಬಾಯಿ ಮ್ಯಾಲ ಕೈ ಇಟ್ಟುಕೊಂಡರು.

"ಅಜ್ಜಿಗೆ ಸಿ ಪ್ರೋಗ್ರಾಮಿಂಗ್ ಬರುತ್ತಾ?"

"ಸಹಿನೂ ಬರಂಗಿಲ್ರಿ. ಹೆಬ್ಬೆಟ್ಟು."

"ಸರಿ. ಕ್ಯಾಮೆರಾ ನಿಮ್ಮಿಬ್ಬರೂ ಕಾಣೋ ಹಾಗೆ ಇಡು. ಅವರು ಬೀಸಲಿ. ಮಾತಾಡಬಾರದು."

ಆಯಿಗೆ ಮಾತಾಡಬ್ಯಾಡ ಅಂದ್ರ ಅದು ದೊಡ್ಡ ಪರೀಕ್ಷೆ. ಆದ್ರೂ ತುಟಿ ಮುಚ್ಚಿಕೊಂಡು ಬೀಸಿದಳು.

ಅರೇ ಪ್ರೋಗ್ರಾಂ ಮೊದಲ ಸಲಕ್ಕ ತಪ್ಪು ಔಟ್‌ಪುಟ್ ಕೊಟ್ಟಿತು, ಒಂದು ಸೆಮಿಕೋಲನ್ ಹೆಚ್ಚಾಗಿತ್ತು. ಎರಡನೇ ಸಲ ಬಂತು.

ವೈವಾ ಐದು ನಿಮಿಷ. ಅರೇ ಸೊನ್ನೆಯಿಂದ ಯಾಕೆ ಎಣಿಸ್ತಾರೆ ಅಂತ ಕೇಳಿದರು. "ಓಣಿಯ ಮೊದಲ ಮನಿ ಮುಂದ ನಿಂತೀವಿ ಅಂತ ತಿಳೀರಿ ಮೇಡಂ. ಆ ಮನಿಗೆ ಹೋಗಾಕ ಎಷ್ಟು ಮನಿ ದಾಟಬೇಕು? ಸೊನ್ನೆ. ಎರಡನೇದಕ್ಕ ಒಂದು. ಎಣಿಸೋದು ಮನಿ ಅಲ್ರಿ, ದಾಟೋದು" ಅಂದೆ. "ಇದು ನನ್ನ ನೋಟ್ಸ್‌ನಲ್ಲಿ ಇಲ್ಲವಲ್ಲ" ಅಂದರು. ಇನ್ನೂ ಎರಡು ಕೇಳಿದರು, ಹೇಳಿದೆ.

"ಅಜ್ಜಿಗೆ ಸಾಕು ಅಂತ ಹೇಳು" ಅಂದರು ಕಡೆಗೆ.

"ಆಯಿ, ಮೇಡಂ ಸಾಕಂತ."

"ಅವರದು ಏನರ ಕಾದಿದ್ರ ಕೇಳು" ಅಂದಳು ಆಯಿ. "ಮೊರ ಕೈಯಾಗ ಐತಿ."

22 ಜನವರಿ, ಬುಧವಾರ

ನಿನ್ನೆ ಮಂಗಳವಾರ ಬೇವು ಅರಿಷಿಣದ ನೀರು ಹಾಕಿದ್ರು. ತಾಯಿ ಹೋದಳು. ಬಾಗಿಲಿನ ಟೊಂಗಿ ತೆಗೆದ್ರು. ಅವ್ವ ಕೋಣಿ ಒಳಗ ಬಂದು ಎರಡೂ ಕೈಲೆ ನನ್ನ ಮುಖ ಹಿಡದು, ಗುಳ್ಳಿ ಕಲಿ ಎಣಿಸೋ ಹಂಗ ನೋಡಿದಳು. ಕಾಶೀಂಸಾಬರು ಫ್ಯಾನ್ ತಂದ್ರು, ಈ ಸಲ ಒಳಗ ಬಂದು ಖುರ್ಚಿ ಮ್ಯಾಲ ಕುಂತು ಚಾ ಕುಡಿದ್ರು. ಫ್ಯಾನ್ ನಾನ ಕೂಡಿಸಿದೆ. ಅವರು ಒಮ್ಮೆ ಸುದ್ದಾ ಕೈ ಹಚ್ಚಲಿಲ್ಲ.

ಇವತ್ತು ಮಾರ್ಕ್ಸ್ ಬಂದ್ವು. ಐವತ್ತಕ್ಕ ನಲವತ್ತೊಂದು. ಸೆಮಿಸ್ಟರ್‌ಗೆ ಕೂರಬಹುದು. ಓಡಿ ಹೋಗಿ ಆಯಿಗೆ ಹೇಳಿದೆ.

"ಉಳದ ಒಂಬತ್ತು ಯಾರಿಗೆ ಕೊಟ್ಲು ಆಕಿ?" ಅಂದಳು.

ಹಿತ್ತಲ ಬಿಸಿಲಾಗ ಕುಂತಿದ್ದಳು, ಬಾಚಣಿಕಿ ತೊಡಿ ಮ್ಯಾಲ ಇತ್ತು. ಕೂದಲ ಬಿಚ್ಚಿ ಹರವಿಕೊಂಡು ಸುಮ್ಮನ ಇದ್ದಳು. ಬಲಗೈ ಎತ್ತಾಕ ಬರವಲ್ದು, ಸೋಮವಾರದಿಂದ ಹಂಗ ಐತಂತ. ಯಾರಿಗೂ ಹೇಳಿಲ್ಲ. ಎಣ್ಣಿ ತಂದು ರಟ್ಟಿ ತಿಕ್ಕಿದೆ. ಆಮ್ಯಾಲ ಹಿಂದ ಕುಂತು ತಲಿ ಬಾಚಿದೆ. ಕೂದಲ ಭಾಳ ತೆಳ್ಳಗ ಅದಾವು, ಬೆಳ್ಳಗ, ನಾ ಎಳದ್ರ ಎಲ್ಲಿ ಕೈಗೆ ಬರ್ತಾವೋ ಅಂತ ನಿಧಾನ ಬಾಚಿದೆ. ತುರುಬು ಕಟ್ಟೋದು ಮೂರು ಸಲ ಬಿಚ್ಚಿ ಕಟ್ಟಿದೆ.

"ಸೊಟ್ಟ ಆಗೇತಿ" ಅಂದಳು, ಕನ್ನಡಿ ನೋಡದನ. "ಇರ್ಲಿ ಬಿಡು. ನಾಳೆ ನೆಟ್ಟಗ ಕಟ್ಟು."